ನಿದಾನಕ್ಕೆ ನಿಧಾನ ಬೇಕು



ಒಂದು ಕಾಲದಲ್ಲಿ ಬ್ಯಾಂಕು, ಕಚೇರಿಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ ಗಣಕಯಂತ್ರವು ಇಂದು ಗೃಹಸ್ಥರ ಮನೆಯ ಒಂದು ಮೂಲೆಯಲ್ಲಿ ನೆಲೆಯೂರಿದೆ. ಮಕ್ಕಳ ಪಾಠ, ಮನೆಯ ಲೆಕ್ಕಪತ್ರ, ಸಂಘ-ಸಂಸ್ಥೆಗಳ ನಡಾವಳಿ, ಹಿರಿಯರ ಭಾವಚಿತ್ರ ಎಲ್ಲವನ್ನೂ ನಾವು ಅದರ ಉಡಿಗೆ ಹಾಕಿದ್ದೇವೆ. ಹೀಗಿರುವಾಗ ಅದು ಹೇಳದೆ ಕೇಳದೆ ನಿಂತುಬಿಟ್ಟರೆ ಮನೆಮಂದಿಗೆ ಆಗುವ ಗಾಬರಿ ಸಣ್ಣದಲ್ಲ. ಗಾಬರಿಯಲ್ಲಿ ಮಾಡುವ ಖರ್ಚೂ ಸಣ್ಣದಾಗಿರುವುದಿಲ್ಲ. ಈ ತಿಂಗಳು ಅಂತಹ ಒಂದು ಪತ್ರವನ್ನೇ ಆಧಾರವಾಗಿಟ್ಟುಕೊಂಡು ನಾಲ್ಕು ಮಾತು ಹೇಳಬಯಸುತ್ತೇನೆ.

ಪತ್ರ ಬಂದದ್ದು ಉಡುಪಿ ಜಿಲ್ಲೆಯ ಹಂಗಾರಕಟ್ಟೆಯಿಂದ. ಸೀತಾ ಮತ್ತು ಸ್ವರ್ಣಾ ನದಿಗಳು ಅರಬ್ಬೀ ಸಮುದ್ರವನ್ನು ಕೂಡುವ ಅಳಿವೆಯ ದಂಡೆಯಲ್ಲಿರುವ ಈ ಊರು ನಮ್ಮ ರಾಜ್ಯದ ಕಿರುಬಂದರುಗಳಲ್ಲಿ ಒಂದು. ಹಾವೇರಿ ಜಿಲ್ಲೆಯಿಂದ ವರ್ಗವಾಗಿ ಅಲ್ಲಿಗೆ ಹೋದ ಶಿಕ್ಷಕ ದಂಪತಿಗಳು ತಮ್ಮ ಮನೆಯ ಕಂಪ್ಯೂಟರನ್ನೂ ಜೊತೆಗೆ ಒಯ್ದಿದ್ದರು. ಪತ್ರ ಬರೆದ ಸಹೋದರಿಯು ತಮ್ಮ ಮಾವನವರು ನಲವತ್ತು ವರ್ಷಗಳ ಕಾಲ ಬರೆದಿಟ್ಟ ದಿನಚರಿಯ ಪುಸ್ತಕಗಳನ್ನು ಪ್ರತಿದಿನ ಸಂಜೆ ಒಂದೆರಡು ಪುಟದಂತೆ ಕನ್ನಡದಲ್ಲಿ ಬೆರಳಚ್ಚು ಮಾಡುತ್ತಿದ್ದಾರೆ. ಕರಾವಳಿಯ ತೇವಕ್ಕೆ ಆ ಕಾಗದಗಳು ಮೆತ್ತಗಾಗುತ್ತಿವೆ, ಶಾಯಿ ಹರಡುತ್ತಿದೆ, ಆದ್ದರಿಂದ ಅವಸರವೂ ಇದೆ. ಆದರೆ ಕೆಲಸದ ನಡುವೆ ಕಂಪ್ಯೂಟರು ತಂತಿ ಕಿತ್ತಂತೆ ಒಮ್ಮೆಗೇ ನಿಂತುಹೋಗುತ್ತದೆ. ಬೆರಳಚ್ಚು ಮಾಡಿದ ಪುಟಗಳು ಮೂರು ಸಲ ಮಾಯವಾದವು. ದುರಸ್ತಿಯವರೊಬ್ಬರು ನೋಡಿ, “ಉಪ್ಪುಗಾಳಿಗೆ ಮದರ್‌ಬೋರ್ಡ್ ಹೋಗಿದೆ, ಹೊಸದನ್ನೇ ಕೊಳ್ಳುವುದು ಲೇಸು” ಎಂದರಂತೆ. ಹೊಸದಕ್ಕೆ ಮೂವತ್ತೈದು ಸಾವಿರ ರೂಪಾಯಿ ಬೇಕು. ಆ ಹಣವನ್ನು ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟಿದ್ದಾರೆ. “ಏನು ಮಾಡಲಿ?” ಎಂಬುದು ಆ ತಾಯಿಯ ಪ್ರಶ್ನೆ.

ಪ್ರಶ್ನೆ ಯಂತ್ರದ್ದೆಂದು ತೋರಿದರೂ ಅದರ ಉತ್ತರದ ದಾರಿಯು ನಮ್ಮ ಹಿರಿಯರ ತರ್ಕಶಾಸ್ತ್ರದಲ್ಲಿದೆ. ಒಂದು ಕಾರ್ಯಕ್ಕೆ ಇದೇ ಕಾರಣವೆಂದು ನಿಶ್ಚಯಿಸಲು ಶಾಸ್ತ್ರಕಾರರು ಎರಡು ಪರೀಕ್ಷೆಗಳನ್ನು ಹೇಳಿದರು. ಅದು ಇದ್ದಾಗ ಇದು ಇರಬೇಕು, ಇದು ಅನ್ವಯ. ಅದು ಇಲ್ಲದಿದ್ದಾಗ ಇದೂ ಇರಬಾರದು, ಇದು ವ್ಯತಿರೇಕ. ಇವೆರಡೂ ಕೂಡಿದಾಗಲೇ ಕಾರಣವು ಸಿದ್ಧವಾಗುತ್ತದೆ. ಕಾಗೆ ಕುಳಿತ ಗಳಿಗೆಗೇ ತಾಳೆಯ ಹಣ್ಣು ಉದುರಿದರೆ, ಕಾಗೆಯೇ ಹಣ್ಣನ್ನು ಕೆಡವಿತೆಂದು ಹೇಳುವುದು ಕಾಕತಾಳೀಯ ನ್ಯಾಯ. “ಕರಾವಳಿಗೆ ಬಂದ ಮೇಲೆ ಕೆಟ್ಟಿತು, ಆದ್ದರಿಂದ ಉಪ್ಪುಗಾಳಿಯೇ ಕಾರಣ” ಎಂಬ ಮಾತು ನಿಜವೂ ಇರಬಹುದು, ಕಾಕತಾಳೀಯವೂ ಇರಬಹುದು. ಪರೀಕ್ಷಿಸದೆ ಅದರ ಮೇಲೆ ಮೂವತ್ತೈದು ಸಾವಿರ ರೂಪಾಯಿ ಹಾಕುವುದು ವಿವೇಕವಲ್ಲ. ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನು ಅರಿಯುವುದಕ್ಕೆ ನಿದಾನವೆಂದು ಹೆಸರು. ಆ ನಿದಾನಕ್ಕೆ ಮೊದಲು ಬೇಕಾದುದು ಮನಸ್ಸಿನ ನಿಧಾನ.

ಆ ಸಹೋದರಿಗೆ ನಾನು ಎರಡು ಸಲಹೆಗಳನ್ನು ಬರೆದೆ. ಮೊದಲನೆಯದು, ಯಂತ್ರದ ಚಿಂತೆಗಿಂತ ಮುಂಚೆ ಬರೆಹಗಳನ್ನು ಕಾಪಾಡಿಕೊಳ್ಳಿ. ಈವರೆಗೆ ಆದ ಪುಟಗಳನ್ನೆಲ್ಲ ಇಂದೇ ಪೆನ್‌ಡ್ರೈವ್‌ಗೆ ನಕಲಿಸಿ. ಎರಡನೆಯದು, ಒಂದು ನೋಟುಪುಸ್ತಕವನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟು ಹದಿನೈದು ದಿನ ದಾಖಲೆ ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ ನಿಂತಿತು? ಆಗ ಯಾವ ಕೆಲಸ ನಡೆದಿತ್ತು? ಆರಂಭಿಸಿ ಎಷ್ಟು ನಿಮಿಷವಾಗಿತ್ತು? ಆ ಕ್ಷಣದಲ್ಲಿ ಮನೆಯ ದೀಪಗಳು ಹೇಗಿದ್ದವು? ಏನಾದರೂ ಸದ್ದಾಯಿತೇ? ಗುಂಡಿ ಒತ್ತಿದೊಡನೆ ಮತ್ತೆ ಆರಂಭವಾಯಿತೇ, ಅಥವಾ ಸ್ವಲ್ಪ ಹೊತ್ತು ಕಾಯಬೇಕಾಯಿತೇ? ಇಷ್ಟು ಬರೆದರೆ ಸಾಕು. ದುರಸ್ತಿಯವರು ಬಂದಾಗ ಯಂತ್ರವು ಸುಮ್ಮನೆ ನಡೆಯುತ್ತಿರುತ್ತದೆ. ರೋಗದ ಸಾಕ್ಷಿಯೆಲ್ಲ ಮನೆಯವರ ಕಣ್ಣಲ್ಲೇ ಇರುತ್ತದೆ.

ಹದಿನೈದು ದಿನಗಳ ದಾಖಲೆ ಬಂದಾಗ ಬಹಳ ಸಂಗತಿಗಳು ತಾವಾಗಿಯೇ ತಿಳಿಯಾದವು. ಯಂತ್ರವು ಹನ್ನೊಂದು ಸಲ ನಿಂತಿತ್ತು. ಅದರಲ್ಲಿ ಒಂಬತ್ತು ಸಲ ಸಂಜೆ ಆರೂವರೆಯಿಂದ ಎಂಟೂವರೆಯೊಳಗೆ. ರಜೆಯ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ಕು ಗಂಟೆ ಸತತ ಕೆಲಸ ಮಾಡಿದರೂ ನಿಂತಿರಲಿಲ್ಲ. ಕೆಲವೊಮ್ಮೆ ಆರಂಭಿಸಿದ ಐದೇ ನಿಮಿಷಕ್ಕೆ ನಿಂತದ್ದುಂಟು, ಮತ್ತೆ ಕೆಲವೊಮ್ಮೆ ಎರಡು ಗಂಟೆಯ ಮೇಲೆ. ಗುಂಡಿ ಒತ್ತಿದರೆ ತಕ್ಷಣ ಆರಂಭವಾಗುತ್ತಿತ್ತು. ಕೊನೆಯಲ್ಲಿ ಆ ಸಹೋದರಿ ಒಂದು ಸಣ್ಣ ಸಂಗತಿಯನ್ನು ಸೇರಿಸಿದ್ದರು: “ದೀಪ ಹೋಗುವುದಿಲ್ಲ, ಕ್ಷಣಮಾತ್ರ ಮಂಕಾಗುತ್ತದೆ. ಕೆಳಗಿನ ಯುಪಿಎಸ್ ಪೆಟ್ಟಿಗೆಯಲ್ಲಿ ಟಿಕ್ ಎಂಬ ಸದ್ದು. ಆ ಮೇಲೆ ಪರದೆ ಕಪ್ಪು.”

ಇಲ್ಲಿ ಅನ್ವಯವನ್ನು ಗಮನಿಸಿರಿ. ಯಂತ್ರವು ಕಾದುದರಿಂದ ನಿಲ್ಲುತ್ತಿದ್ದರೆ ಮಧ್ಯಾಹ್ನದ ದೀರ್ಘ ಕೆಲಸದಲ್ಲಿ ನಿಲ್ಲಬೇಕಿತ್ತು, ತಣಿಯುವವರೆಗೆ ಸರಿಯಾಗಿ ನಡೆಯಬಾರದಿತ್ತು. ಉಪ್ಪುಗಾಳಿಯಿಂದ ಮದರ್‌ಬೋರ್ಡ್ ಕೆಟ್ಟಿದ್ದರೆ ಅದು ಗಡಿಯಾರ ನೋಡಿ ಸಂಜೆಯನ್ನೇ ಆರಿಸಿಕೊಳ್ಳುತ್ತಿರಲಿಲ್ಲ. ಸಂಜೆಯಲ್ಲಿ ಬದಲಾಗುವುದು ವಿದ್ಯುತ್ತು. ಊರಿನ ಎಲ್ಲ ಮನೆಗಳ ದೀಪ, ಮಿಕ್ಸರು, ನೀರಿನ ಪಂಪು ಒಟ್ಟಿಗೆ ಆರಂಭವಾದಾಗ 230 ವೋಲ್ಟ್ ಇರಬೇಕಾದ ವಿದ್ಯುತ್ತು ಕ್ಷಣಕಾಲ ಕುಗ್ಗುತ್ತದೆ. ಬೆಳಕು ಮಂಕಾಗುವುದು ಅದರ ಗುರುತು. ಮನೆಯವರು ‘ದೀಪ ಹೋಗಿಲ್ಲ, ಆದ್ದರಿಂದ ವಿದ್ಯುತ್ತಿನ ದೋಷವಲ್ಲ’ ಎಂದು ತೀರ್ಮಾನಿಸಿದ್ದರು. ಆದರೆ ದೀಪಕ್ಕೆ ಸಾಕಾಗುವ ವಿದ್ಯುತ್ತು ಗಣಕಯಂತ್ರಕ್ಕೆ ಸಾಕಾಗಬೇಕೆಂದಿಲ್ಲ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಒಂದು ಆವರ್ತನಕ್ಕೆ ಸೆಕೆಂಡಿನ ಐವತ್ತನೆಯ ಒಂದು ಭಾಗ, ಅಂದರೆ 20 ಮಿಲಿಸೆಕೆಂಡು. ಕಂಪ್ಯೂಟರಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯು ಹೊರಗಿನ ವಿದ್ಯುತ್ತು ತಪ್ಪಿದಾಗ ಸುಮಾರು 16 ಮಿಲಿಸೆಕೆಂಡು ಮಾತ್ರ ಉಸಿರು ಹಿಡಿದಿರಬಲ್ಲದು. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಆ ಅಂತರವನ್ನು ತುಂಬಲೆಂದೇ ನಾವು ಯುಪಿಎಸ್ ಇಡುತ್ತೇವೆ. ವಿದ್ಯುತ್ತು ನಿಗದಿಯಾದ ಮಿತಿಗಿಂತ ಕುಗ್ಗಿದಾಗ ಅದು ಹೊರಗಿನ ತಂತಿಯನ್ನು ಬಿಟ್ಟು ತನ್ನ ಬ್ಯಾಟರಿಗೆ ಬದಲಾಗುತ್ತದೆ. ‘ಟಿಕ್’ ಎಂಬುದು ಆ ಬದಲಾವಣೆಯ ಸದ್ದು. ಬ್ಯಾಟರಿಯು ಗಟ್ಟಿಯಾಗಿದ್ದರೆ ಕಂಪ್ಯೂಟರಿಗೆ ಏನೂ ತಿಳಿಯುವುದಿಲ್ಲ. ಬ್ಯಾಟರಿಯು ಸತ್ತಿದ್ದರೆ? ಹೊರಗಿನ ವಿದ್ಯುತ್ತನ್ನೂ ಬಿಟ್ಟಾಯಿತು, ಒಳಗಿನದೂ ಇಲ್ಲವಾಯಿತು. ಆ ಕ್ಷಣವೇ ಪರದೆ ಕಪ್ಪು. ಆ ಪೆಟ್ಟಿಗೆ ಇಲ್ಲದೇ ಇದ್ದಿದ್ದರೆ ಯಂತ್ರವು ಆ ಕುಗ್ಗುವಿಕೆಯನ್ನು ದಾಟಿಬಿಡುತ್ತಿತ್ತೋ ಏನೋ. ಏಕೆಂದರೆ ಇಂದಿನ ಹಲವು ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುವಂತೆ ರಚಿತವಾಗಿವೆ. ಅದರ ಮೈಮೇಲಿನ ಚೀಟಿಯಲ್ಲಿ ಈ ಸಂಖ್ಯೆಗಳನ್ನು ನೋಡಬಹುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕೆ ಸರಿಹೊಂದುತ್ತದೆ.

ಆದರೂ ಇಷ್ಟು ಕೇವಲ ಅನುಮಾನ. ವ್ಯತಿರೇಕದ ಪರೀಕ್ಷೆ ಇನ್ನೂ ಬಾಕಿ ಇತ್ತು. ಮುಖ್ಯವಾದ ಬರೆಹ ಯಾವುದನ್ನೂ ತೆರೆದಿಡದೆ, ಮೂರು ಸಂಜೆ ಯುಪಿಎಸ್ಸನ್ನು ಬಿಟ್ಟು ಕಂಪ್ಯೂಟರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಜೋಡಿಸಿ ನೋಡಿರಿ ಎಂದು ಬರೆದೆ. ಮೂರು ಸಂಜೆಯೂ ದೀಪ ಮಂಕಾಯಿತು, ಯಂತ್ರ ಮಾತ್ರ ನಿಲ್ಲಲಿಲ್ಲ. ಬಳಿಕ ಯುಪಿಎಸ್ಸನ್ನು ಒಂದು ರಾತ್ರಿ ಪೂರ್ತಿ ಚಾರ್ಜಿಗೆ ಇಟ್ಟು, ಅದಕ್ಕೆ ಕಂಪ್ಯೂಟರಿನ ಬದಲು 60 ವ್ಯಾಟಿನ ಹಳೆಯ ಬಲ್ಬನ್ನು ಜೋಡಿಸಿ, ಗೋಡೆಯ ಸ್ವಿಚ್ಚನ್ನು ಆರಿಸಿದರು. ಹತ್ತಾರು ನಿಮಿಷ ಉರಿಯಬೇಕಿದ್ದ ಬಲ್ಬು ಆ ಕ್ಷಣವೇ ನಂದಿತು. ಸಾಕ್ಷಿ ಪೂರ್ಣವಾಯಿತು. ಬ್ಯಾಟರಿಯನ್ನು ಬದಲಿಸಿದರು. ಆದ ಖರ್ಚು ಹೊಸ ಯಂತ್ರದ ಬೆಲೆಯ ಇಪ್ಪತ್ತನೆಯ ಒಂದು ಭಾಗವೂ ಅಲ್ಲ. ಮಗಳ ಶುಲ್ಕದ ಹಣ ಶುಲ್ಕಕ್ಕೇ ಹೋಯಿತು.

ಯುಪಿಎಸ್‌ನಲ್ಲಿರುವ ಮುಚ್ಚಿದ ಸೀಸ-ಆಮ್ಲದ ಬ್ಯಾಟರಿಯ ಆಯಸ್ಸು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಸೆಕೆಯ ಪ್ರದೇಶದಲ್ಲಿ ಅದು ಇನ್ನೂ ಕಡಿಮೆ. ಸುತ್ತಲಿನ ಉಷ್ಣತೆ ಹತ್ತು ಡಿಗ್ರಿ ಹೆಚ್ಚಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಕೊಂಡ ದಿನವನ್ನು ಪೆಟ್ಟಿಗೆಯ ಮೇಲೆ ಬರೆದಿಡಿ, ಆರು ತಿಂಗಳಿಗೊಮ್ಮೆ ಬಲ್ಬಿನ ಪರೀಕ್ಷೆ ಮಾಡಿ. ಲೇಸರ್ ಪ್ರಿಂಟರನ್ನು ಮನೆಯ ಸಣ್ಣ ಯುಪಿಎಸ್‌ಗೆ ಎಂದೂ ಜೋಡಿಸಬೇಡಿ; ಅದು ಕಾಯುವಾಗ ಒಮ್ಮೆಗೇ ಎಳೆದುಕೊಳ್ಳುವ ವಿದ್ಯುತ್ತಿನ ಭಾರವನ್ನು ಆ ಪೆಟ್ಟಿಗೆ ತಾಳಲಾರದು.

ಎಲ್ಲರ ಮನೆಯ ರೋಗವೂ ಇದೇ ಎಂದು ಭಾವಿಸಬಾರದು. ಹೊರಗಿನಿಂದ ಒಳಗೆ, ಖರ್ಚಿಲ್ಲದ್ದರಿಂದ ಖರ್ಚಿನದಕ್ಕೆ ಎಂಬ ಕ್ರಮದಲ್ಲಿ ಸಾಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಮೊದಲು ಯಂತ್ರವು ನಿಲ್ಲುವ ರೀತಿಯನ್ನು ನೋಡಬೇಕು. ‘ಶಟ್ ಡೌನ್ ಆಗುತ್ತಿದೆ’ ಎಂದು ಪರದೆಯ ಮೇಲೆ ಹೇಳಿ ಕ್ರಮವಾಗಿ ಮುಚ್ಚಿಕೊಂಡರೆ ಅದು ಬಹುಮಟ್ಟಿಗೆ ತಂತ್ರಾಂಶದ ಅಪ್ಪಣೆ. ನೀಲಿ ಪರದೆ ಬಂದು ಅಕ್ಷರಗಳು ಕಂಡರೆ ಅವನ್ನು ಬರೆದುಕೊಳ್ಳಿ ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ನೆನಪಿನ ಪಟ್ಟಿ, ಅಂದರೆ ರ‍್ಯಾಮ್, ಅಥವಾ ಯಾವುದೋ ಸಾಧನದ ತಂತ್ರಾಂಶದ ದೋಷವನ್ನು ಅದು ಸೂಚಿಸಬಹುದು. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಪರೀಕ್ಷೆಯಿಂದ ರ‍್ಯಾಮ್‌ನ ಸ್ಥಿತಿ ತಿಳಿಯುತ್ತದೆ. ಸದ್ದಿಲ್ಲದೆ ಒಮ್ಮೆಗೇ ಕತ್ತಲಾದರೆ ವಿದ್ಯುತ್ತು ಅಥವಾ ಶಾಖದ ಕಡೆಗೆ ನೋಡಬೇಕು. ಇನ್ನೊಂದು ಎಚ್ಚರಿಕೆ: ವಿಂಡೋಸ್‌ನ ಈವೆಂಟ್ ವ್ಯೂವರ್ ಎಂಬ ದಾಖಲೆಯಲ್ಲಿ ‘ಕರ್ನಲ್-ಪವರ್ 41’ ಎಂಬ ಸಾಲು ಕಂಡರೆ, ‘ಪವರ್ ಸಪ್ಲೈ ಕೆಟ್ಟಿದೆ’ ಎಂದು ಕೆಲವರು ಅರ್ಥ ಹೇಳುತ್ತಾರೆ. ಆ ಸಾಲು ಹೇಳುವುದು, ಯಂತ್ರವು ಕ್ರಮವಾಗಿ ಮುಚ್ಚದೆ ಮತ್ತೆ ಆರಂಭವಾಗಿದೆ ಎಂದಷ್ಟೇ. ಅದು ಮರಣದ ನೋಂದಣಿಯೇ ಹೊರತು ಮರಣದ ಕಾರಣವಲ್ಲ.

ಶಾಖದ ಲಕ್ಷಣವೇ ಬೇರೆ. ಭಾರದ ಕೆಲಸಕ್ಕೆ ತೊಡಗಿದಾಗ ಫ್ಯಾನಿನ ಸದ್ದು ಏರುತ್ತದೆ, ಬಳಿಕ ಯಂತ್ರ ನಿಲ್ಲುತ್ತದೆ. ಕೂಡಲೇ ಆರಂಭಿಸಿದರೆ ಮೊದಲಿಗಿಂತ ಬೇಗ ಮತ್ತೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಚೆನ್ನಾಗಿ ನಡೆಯುತ್ತದೆ. ಸಂಸ್ಕಾರಕವು, ಅಂದರೆ ಪ್ರೊಸೆಸರ್, ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಸುಟ್ಟುಹೋಗುವುದರ ಬದಲು ತಾನೇ ನಿಲ್ಲುತ್ತದೆ. ಇಲ್ಲಿ ನಿಲ್ಲುವುದು ರೋಗವಲ್ಲ, ಆತ್ಮರಕ್ಷಣೆ. ಪ್ಲಗ್ ಕಿತ್ತು, ಪಕ್ಕದ ಹಲಗೆಯನ್ನು ತೆಗೆದು, ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆಯಬೇಕು. ಗಾಳಿ ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಸಂಸ್ಕಾರಕದ ಮೇಲೆ ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿದ್ದರೆ ತಿಳಿದವರಿಂದ ಹೊಸದಾಗಿ ಹಚ್ಚಿಸಬೇಕು.

ಹಳೆಯ ಯಂತ್ರವಾದರೆ ಮದರ್‌ಬೋರ್ಡಿನ ಮೇಲಿನ ಸಣ್ಣ ಡಬ್ಬಿಗಳಂತಹ ಕೆಪಾಸಿಟರುಗಳನ್ನು ನೋಡಿರಿ. ಅವುಗಳ ನೆತ್ತಿ ಸಮತಟ್ಟಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ದ್ರವ ಒಸರಿದ್ದರೆ ಅವು ಕೆಟ್ಟಿವೆ. 2000ರ ದಶಕದ ಮೊದಲ ಭಾಗದಲ್ಲಿ ಒಳಗಿನ ದ್ರಾವಣದ ದೋಷದಿಂದ ಇಂತಹ ಕೆಪಾಸಿಟರುಗಳು ಜಗತ್ತಿನಾದ್ಯಂತ ಅಕಾಲದಲ್ಲಿ ಕೆಟ್ಟು, ದೊಡ್ಡ ದೊಡ್ಡ ತಯಾರಕರೂ ಯಂತ್ರಗಳನ್ನು ದುರಸ್ತಿ ಮಾಡಿಕೊಡಬೇಕಾಯಿತು. ಆದರೆ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಕೆಲಕಾಲ ಉಳಿದಿರಬಹುದು, ಅದು ಪ್ರಾಣಾಪಾಯ. ಅದರ ಮೇಲೆ ಅನುಮಾನ ಬಂದರೆ ದುರಸ್ತಿಯವರಲ್ಲಿ, ‘ಒಂದು ದಿನದ ಮಟ್ಟಿಗೆ ಬೇರೊಂದನ್ನು ಹಾಕಿ ನೋಡಿ’ ಎಂದು ಕೇಳಿರಿ. ಇದೂ ವ್ಯತಿರೇಕದ ಪರೀಕ್ಷೆಯೇ.

ಉಪ್ಪುಗಾಳಿಯನ್ನು ಈ ಪ್ರಕರಣದಲ್ಲಿ ನಿರ್ದೋಷಿ ಎಂದೆವು. ಅದರರ್ಥ ಅದು ಸದಾ ನಿರ್ದೋಷಿ ಎಂದಲ್ಲ. ಹಾವೇರಿ ಮತ್ತು ಉಡುಪಿ ಎರಡೂ 1997ರಲ್ಲಿ ರಚನೆಯಾದ ಜಿಲ್ಲೆಗಳು. ಹವೆಯಲ್ಲಿ ಮಾತ್ರ ಅಜಗಜಾಂತರ. ಹಾವೇರಿಯ ಕಡೆ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸಿನ ಮಳೆಯಾದರೆ ಉಡುಪಿಯಲ್ಲಿ 4000 ಮಿಲಿಮೀಟರ್ ಆಸುಪಾಸು. ಬಯಲುಸೀಮೆಯ ಯಂತ್ರಕ್ಕೆ ಒಣ ಧೂಳು ಶತ್ರು, ಕರಾವಳಿಯ ಯಂತ್ರಕ್ಕೆ ತೇವವು ಶತ್ರು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರೂರುವುದನ್ನು ತಾಯಂದಿರೆಲ್ಲ ಬಲ್ಲರು. ಗಾಳಿಯ ತೇವಾಂಶ ಶೇಕಡಾ 75ನ್ನು ಮೀರಿದಾಗ ಉಪ್ಪು ನೀರನ್ನು ಹೀರಿ ಕರಗತೊಡಗುತ್ತದೆ. ಯಂತ್ರದೊಳಗಿನ ಧೂಳಿನಲ್ಲಿ ಬೆರೆತ ಉಪ್ಪಿನ ಕಣವೂ ಅದನ್ನೇ ಮಾಡುತ್ತದೆ. ತಾಮ್ರದ ಕೂಡುಸ್ಥಾನಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಇದಕ್ಕೆ ಉಪಾಯ ಸರಳ. ಯಂತ್ರವನ್ನು ಸಮುದ್ರದ ಕಡೆಯ ಕಿಟಕಿಯಿಂದ ದೂರವಿಡಿ. ನೆಲದ ಮೇಲಿಡದೆ ಮಣೆಯ ಮೇಲಿಡಿ. ಗೋಡೆಗೆ ಒತ್ತದೆ ಒಂದು ಗೇಣು ಅಂತರ ಬಿಡಿ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ನಡೆಸಿರಿ. ಅದರ ಶಾಖವೇ ತೇವವನ್ನು ಓಡಿಸುತ್ತದೆ. ನಡೆಯುತ್ತಿರುವಾಗ ಬಟ್ಟೆ ಹೊದಿಸಬೇಡಿ. ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಕತ್ತರಿಸಬೇಡಿ. ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಭೂಸಂಪರ್ಕವನ್ನು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿ.

ಇಂತಹ ತಾಳ್ಮೆಯ ಅಗತ್ಯ ಮನೆಯ ಯಂತ್ರಕ್ಕೆ ಮಾತ್ರವಲ್ಲ. 1997ರ ಜುಲೈ 4ರಂದು ಅಮೆರಿಕದ ಪಾತ್‌ಫೈಂಡರ್ ನೌಕೆಯು ಮಂಗಳ ಗ್ರಹದ ಮೇಲೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಗಣಕಯಂತ್ರವು ತಾನೇ ತಾನಾಗಿ ನಿಂತು ಮತ್ತೆ ಆರಂಭವಾಗತೊಡಗಿತು. ಬಿಚ್ಚಿ ನೋಡಲು ಅಲ್ಲಿಗೆ ಯಾರು ಹೋಗಬೇಕು? ವಿಜ್ಞಾನಿಗಳು ಭೂಮಿಯ ಮೇಲಿದ್ದ ಅದರದೇ ಪ್ರತಿರೂಪವನ್ನು ನಡೆಸುತ್ತ, ಪ್ರತಿಯೊಂದು ಹೆಜ್ಜೆಯನ್ನೂ ದಾಖಲಿಸಿಕೊಳ್ಳುತ್ತ, ಅದೇ ದೋಷವು ಮತ್ತೆ ಕಾಣಿಸಿಕೊಳ್ಳುವವರೆಗೆ ಕಾದರು. ಹೆಚ್ಚು ಮುಖ್ಯವಾದ ಒಂದು ಕೆಲಸವು ಕಡಿಮೆ ಮುಖ್ಯವಾದ ಇನ್ನೊಂದಕ್ಕಾಗಿ ಕಾಯುತ್ತ ಕೂರುತ್ತಿತ್ತು. ಕಾವಲಿಗಿದ್ದ ಗಡಿಯಾರವು ಅಪಾಯವೆಂದು ಬಗೆದು ಯಂತ್ರವನ್ನು ಹೊಸದಾಗಿ ಆರಂಭಿಸುತ್ತಿತ್ತು. ಕಾರಣ ತಿಳಿದ ಮೇಲೆ ಭೂಮಿಯಿಂದಲೇ ತಿದ್ದುಪಡಿ ಕಳುಹಿಸಿದರು. ಹಂಗಾರಕಟ್ಟೆಯ ಆ ಸಹೋದರಿಯ ನೋಟುಪುಸ್ತಕ ಮಾಡಿದ್ದೂ ಇದೇ ಕೆಲಸವನ್ನು.

ಕೊನೆಗೆ, ಯಾವ ದುರಸ್ತಿಗಿಂತಲೂ ದೊಡ್ಡ ಮಾತೊಂದಿದೆ. ಯಂತ್ರಕ್ಕೆ ಬೆಲೆಯಿದೆ, ಹೋದರೆ ಮತ್ತೊಂದನ್ನು ತರಬಹುದು. ಅದರೊಳಗಿನ ಹಿರಿಯರ ಅಕ್ಷರಕ್ಕೆ ಅಂಗಡಿಯಿಲ್ಲ. ನಮ್ಮ ಪೂರ್ವಿಕರ ತಾಡವೋಲೆಗಳಲ್ಲಿ ಇಂದಿಗೂ ಉಳಿದು ಬಂದವುಗಳನ್ನು ನೋಡಿರಿ. ಓಲೆ ಗಟ್ಟಿಯೆಂಬ ಕಾರಣಕ್ಕೆ ಅವು ಉಳಿಯಲಿಲ್ಲ. ತಲೆಮಾರಿಗೊಮ್ಮೆ ಯಾರೋ ಕುಳಿತು ಪ್ರತಿ ಮಾಡಿದ್ದರಿಂದ ಉಳಿದವು. ಒಂದೇ ಪ್ರತಿಯಿದ್ದ ಎಷ್ಟೋ ಕೃತಿಗಳು ಗೆದ್ದಲಿಗೆ, ನೀರಿಗೆ, ಬೆಂಕಿಗೆ ಸಂದುಹೋದವು. ಆದ್ದರಿಂದ ಬರೆಯುವಾಗ ಐದು ನಿಮಿಷಕ್ಕೊಮ್ಮೆ ‘ಸೇವ್’ ಮಾಡುವುದನ್ನು ಬೆರಳಿನ ಅಭ್ಯಾಸವಾಗಿಸಿಕೊಳ್ಳಿ. ದಿನದ ಕೊನೆಗೆ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ. ತಿಂಗಳಿಗೊಮ್ಮೆ ಮತ್ತೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗಳ ಮನೆಗೋ ತಮ್ಮನ ಮನೆಗೋ ಕಳುಹಿಸಿ. ಮುಗಿದ ಅಧ್ಯಾಯವನ್ನು ಕಾಗದದ ಮೇಲೂ ಮುದ್ರಿಸಿ ಇಡಿ. ಇಷ್ಟಾದ ಮೇಲೆ ಯಂತ್ರವು ನಿಂತರೆ ನಿಲ್ಲಲಿ. ನಿದಾನಕ್ಕೆ ಬೇಕಾದ ನಿಧಾನ ಆಗ ನಮ್ಮಲ್ಲಿ ತಾನಾಗಿಯೇ ಇರುತ್ತದೆ.